ರಬ್ಬರ್ ತೊಟ್ಟ ಕೈ, ಎಲಾಸ್ಟಿಕ್ ಬಿಗಿದ ಸೊಂಟ

ಪ್ರಶ್ನೆ: ಚಂದ್ರಾ ಲೇಔಟ್‌ನ ಒಂದು ನರ್ಸಿಂಗ್ ಹೋಮ್‌ನಲ್ಲಿ ಸ್ಟಾಫ್ ನರ್ಸ್ ಆಗಿದ್ದೇನೆ. ಗ್ಲೌಸ್ ಹಾಕಿಕೊಂಡ ಸ್ವಲ್ಪ ಹೊತ್ತಿಗೇ ಕೈಮೇಲೆ ದದ್ದು ಏಳುತ್ತದೆ, ತುರಿಕೆ, ಜೊತೆಗೆ ಸೀನು. ಮಗನ ಹುಟ್ಟುಹಬ್ಬಕ್ಕೆ ಬಲೂನ್ ಊದಿದಾಗ ತುಟಿ ದಪ್ಪಗಾಗಿತ್ತು. ಈಚೆಗೆ ಬಾಳೆಹಣ್ಣು ತಿಂದರೂ ಗಂಟಲು ಕೆರೆಯುತ್ತದೆ. ಈಗ ನನಗೆ ಏಳನೇ ತಿಂಗಳು. ಅಲರ್ಜಿ ಮಾತ್ರೆ ನುಂಗಿ ಕೆಲಸ ಮುಂದುವರಿಸಬಹುದೇ ಡಾಕ್ಟರ್?

ಉತ್ತರ: ಬೇಡಮ್ಮ. ಲ್ಯಾಟೆಕ್ಸ್ ಗ್ಲೌಸ್ ತೊಡುವುದನ್ನು ಇಂದೇ ನಿಲ್ಲಿಸಿ. ಮಾತ್ರೆ ತುರಿಕೆಯನ್ನು ಅಡಗಿಸಬಹುದು, ಅಪಾಯವನ್ನಲ್ಲ.

ಗ್ಲೌಸ್ ತೊಡುವವರ ಕೈ ಕೆಂಪಾಗುವುದಕ್ಕೆ ಮೂರು ಬೇರೆ ಬೇರೆ ಕಾರಣಗಳಿವೆ. ಬೆವರು, ಸೋಪು ಮತ್ತು ಪದೇ ಪದೇ ಕೈ ತೊಳೆಯುವುದರಿಂದ ಚರ್ಮ ಒಣಗಿ ಬಿರಿಯುವುದು ಬಹಳ ಜನರಲ್ಲಿ ಕಾಣುವಂಥದ್ದು. ಅದು ಅಲರ್ಜಿಯೇ ಅಲ್ಲ. ರಬ್ಬರನ್ನು ಹದಗೊಳಿಸಲು ಕಾರ್ಖಾನೆಯಲ್ಲಿ ಬೆರೆಸುವ ಥೈಯುರಾಮ್, ಕಾರ್ಬಮೇಟ್‌ನಂಥ ರಾಸಾಯನಿಕಗಳಿಗೆ ಆಗುವ ಅಲರ್ಜಿ ಎರಡನೆಯದು. ಇದರಲ್ಲಿ ಒಂದೆರಡು ದಿನ ಕಳೆದ ಮೇಲೆ ಇಸುಬಿನ ಹಾಗೆ ಗುಳ್ಳೆಗಳು ಏಳುತ್ತವೆ. ರಬ್ಬರ್ ಮರದ ಹಾಲಿನಲ್ಲೇ ಇರುವ ಪ್ರೋಟೀನಿಗೆ ಆಗುವ ಅಲರ್ಜಿಯೇ ಬೇರೆ. ಅದು ನಿಮಿಷಗಳಲ್ಲಿ ದದ್ದು, ಸೀನು, ತುಟಿಯ ಊತವಾಗಿ ಕಾಣಿಸಿಕೊಳ್ಳುತ್ತದೆ. ನೀವು ಬರೆದಿರುವುದೆಲ್ಲ ಈ ಕೊನೆಯದನ್ನೇ ತೋರುತ್ತಿದೆ. ಬಾಳೆಹಣ್ಣಿನ ವಿಷಯ ತಿಳಿಸಿದ್ದು ಒಳ್ಳೆಯದಾಯಿತು. ಬಾಳೆ, ಬೆಣ್ಣೆಹಣ್ಣು, ಕಿವಿ ಹಣ್ಣುಗಳಲ್ಲಿ ರಬ್ಬರ್ ಹಾಲಿನದನ್ನು ಹೋಲುವ ಪ್ರೋಟೀನುಗಳಿರುವುದರಿಂದ, ಒಂದು ಒಗ್ಗದವರಿಗೆ ಇನ್ನೊಂದೂ ಒಗ್ಗದಿರುವುದುಂಟು.

ನನಗೆ ಚಿಂತೆಯಿರುವುದು ನಿಮ್ಮ ಹೆರಿಗೆಯದು. ಹೆರಿಗೆಯ ಹೊತ್ತಿಗೆ ಗ್ಲೌಸ್ ತೊಟ್ಟ ಕೈ ಒಳಗಿನ ತೆಳು ಚರ್ಮಕ್ಕೆ ತಾಗುತ್ತದೆ, ಸಿಸೇರಿಯನ್ ಆದರೆ ಹೊಟ್ಟೆಯೊಳಗಿನ ಪೊರೆಗೇ ತಾಗುತ್ತದೆ. ಮೂತ್ರಕ್ಕೆ ಹಾಕುವ ಕ್ಯಾಥೆಟರ್ ಕೂಡ ಲ್ಯಾಟೆಕ್ಸ್‌ನದೇ ಆಗಿರಬಹುದು. ಅಲ್ಲಿಂದ ಪ್ರೋಟೀನು ಬೇಗ ರಕ್ತಕ್ಕೆ ಸೇರಿ, ಬಿ.ಪಿ. ಕುಸಿದು ಉಸಿರು ಕಟ್ಟುವ ಅನಾಫಿಲ್ಯಾಕ್ಸಿಸ್ ಆಗಬಹುದು. ಹಾಗಾಗಿ ಈ ವಾರವೇ ನಿಮ್ಮ ಹೆರಿಗೆ ಡಾಕ್ಟರಿಗೂ ಅರಿವಳಿಕೆ ಡಾಕ್ಟರಿಗೂ ವಿಷಯ ತಿಳಿಸಿ. ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ ‘ಲ್ಯಾಟೆಕ್ಸ್ ಅಲರ್ಜಿ’ ಎಂದು ಬರೆಸಿ. ಚರ್ಮ ಚುಚ್ಚಿ ನೋಡುವ ಪರೀಕ್ಷೆ ಬಸುರಿನಲ್ಲಿ ಬೇಡ, ರಕ್ತದ ಐಜಿಇ ಪರೀಕ್ಷೆ ಮಾಡಿಸಿದರೆ ಸಾಕು. ಅದರಲ್ಲಿ ಏನೂ ಕಾಣದಿದ್ದರೂ ನಿಮ್ಮ ಲಕ್ಷಣಗಳನ್ನು ತಳ್ಳಿಹಾಕುವಂತಿಲ್ಲ. ಉಸಿರು ಕಟ್ಟಿದಂತಾದರೆ, ತಲೆ ತಿರುಗಿದರೆ, ಬೇಕಾದದ್ದು ಅಡ್ರಿನಲಿನ್ ಇಂಜೆಕ್ಷನ್. ಮನೆಯಲ್ಲಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ.

ಕೆಲಸದಲ್ಲಿ ನಿಮಗೆ ನೈಟ್ರೈಲ್ ಗ್ಲೌಸ್ ಬೇಕು. ಪಕ್ಕದಲ್ಲಿ ನಿಲ್ಲುವ ಸಹೋದ್ಯೋಗಿಗಳೂ ಪೌಡರ್ ಹಾಕಿದ ಲ್ಯಾಟೆಕ್ಸ್ ಗ್ಲೌಸ್ ಬಿಡಬೇಕು, ಏಕೆಂದರೆ ಆ ಪುಡಿಯೇ ಪ್ರೋಟೀನನ್ನು ಹೊತ್ತು ಗಾಳಿಗೆ ಸೇರುತ್ತದೆ. ಅಮೆರಿಕದಲ್ಲಿ ಪೌಡರ್ ಇರುವ ವೈದ್ಯಕೀಯ ಗ್ಲೌಸ್‌ಗಳನ್ನು 2017ರ ಜನವರಿಯಿಂದ ನಿಷೇಧಿಸಲಾಗಿದೆ. ನೈಟ್ರೈಲ್ ಕೇಳಲು ಸಂಕೋಚಪಡಬೇಡಿ. ಆಪರೇಷನ್ ಥಿಯೇಟರಿಗೆ ರಬ್ಬರ್ ಗ್ಲೌಸ್ ಬಂದದ್ದೇ ಒಬ್ಬ ನರ್ಸ್‌ನ ಕೈಗಳಿಗಾಗಿ. 1889–90ರ ಸುಮಾರಿಗೆ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕ್ರಿಮಿನಾಶಕ ಪಾದರಸದ ದ್ರಾವಣದಿಂದ ಕ್ಯಾರೊಲೈನ್ ಹ್ಯಾಂಪ್ಟನ್ ಎಂಬ ನರ್ಸ್‌ನ ಕೈ ಬೆಂದಂತಾಗಿತ್ತು. ಸರ್ಜನ್ ವಿಲಿಯಂ ಹಾಲ್‌ಸ್ಟೆಡ್ ಆಕೆಗೆಂದೇ ಗುಡ್‌ಇಯರ್ ಕಂಪನಿಯಿಂದ ತೆಳು ಗ್ಲೌಸ್ ಮಾಡಿಸಿಕೊಟ್ಟರು. ನರ್ಸ್‌ಗಳ ಕೈ ಕಾಯುವುದು ಆಸ್ಪತ್ರೆಯ ಕರ್ತವ್ಯ.

ಪ್ರಶ್ನೆ: ನಾನು ಗೃಹಿಣಿ. ಒಳ ಉಡುಪಿನ ಎಲಾಸ್ಟಿಕ್ ಕೂರುವ ಕಡೆ, ಸೊಂಟದ ಸುತ್ತ, ತುರಿಸುವ ಕಪ್ಪು ಪಟ್ಟಿಯಾಗಿದೆ. ಬಿಳಿ ಬಟ್ಟೆಗೆ ಬ್ಲೀಚ್ ಹಾಕಿ ಒಗೆಯುವುದು ನನ್ನ ರೂಢಿ. ಹುಳುಕಡ್ಡಿ ಎಂದು ಮೆಡಿಕಲ್ ಶಾಪಿನವರು ಕೊಟ್ಟ ಮುಲಾಮಿನಿಂದ ಗುಣವಾಗಲಿಲ್ಲ.

ಉತ್ತರ: ಬ್ಲೀಚ್ ಮೇಲೇ ನನ್ನ ಅನುಮಾನ. ಎಲಾಸ್ಟಿಕ್‌ನೊಳಗಿನ ರಬ್ಬರ್ ಎಳೆಯಲ್ಲಿ ಉಳಿದಿರುವ ಕಾರ್ಬಮೇಟ್ ಬ್ಲೀಚಿನ ಕ್ಲೋರಿನ್ ಜೊತೆ ಸೇರಿ ಹೊಸದೊಂದು ಅಲರ್ಜಿಕಾರಕವಾಗುತ್ತದೆ. 1975ರಲ್ಲೇ ಚರ್ಮವೈದ್ಯರು ಇದನ್ನು ವರದಿ ಮಾಡಿದ್ದಾರೆ. ಹೊಸ ಬಟ್ಟೆ ಒಗ್ಗುತ್ತದೆ, ಬ್ಲೀಚಿನಲ್ಲಿ ಒಗೆದ ಮೇಲೆ ಅದೇ ಬಟ್ಟೆ ತುರಿಸುತ್ತದೆ. ಹಾಗೆ ಬ್ಲೀಚ್ ತಿಂದ ಎಲಾಸ್ಟಿಕ್ ಮತ್ತೆ ಎಷ್ಟು ಒಗೆದರೂ ಸರಿಹೋಗುವುದಿಲ್ಲ, ಅಂಥ ಬಟ್ಟೆಗಳನ್ನು ತೆಗೆದುಬಿಡಿ. ಮುಂದೆ ಎಲಾಸ್ಟಿಕ್ ಇರುವ ಯಾವುದಕ್ಕೂ ಬ್ಲೀಚ್ ಬೇಡ. ಸೌಮ್ಯ ಸೋಪಿನಲ್ಲಿ ಒಗೆದು, ಸೋಪು ಉಳಿಯದಂತೆ ಜಾಲಿಸಿ. ಎಲಾಸ್ಟಿಕ್ ಪಟ್ಟಿಯ ಮೇಲೆ ಹತ್ತಿಬಟ್ಟೆ ಹೊಲಿದಿರುವ ಉಡುಪು ಕೊಳ್ಳಿ.

ಡಾಕ್ಟರಿಗೆ ತೋರಿಸದೆ ಮೆಡಿಕಲ್ ಶಾಪಿನ ಸ್ಟಿರಾಯ್ಡ್ ಬೆರೆತ ಮುಲಾಮು ಹಚ್ಚಬೇಡಿ. ಅದು ನಿಜವಾದ ಹುಳುಕಡ್ಡಿಯನ್ನೂ ಹರಡಿಸುತ್ತದೆ. ಮೂರು ವಾರದಲ್ಲಿ ಕಡಿಮೆಯಾಗದಿದ್ದರೆ ಚರ್ಮವೈದ್ಯರಲ್ಲಿ ಪ್ಯಾಚ್ ಟೆಸ್ಟ್ ಮಾಡಿಸಿ. ಮನೆಯಲ್ಲಿ ಯಾರಾದರೂ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದು ನೀವು ಅವರ ಇ.ಎಸ್.ಐ. ಕಾರ್ಡಿನಲ್ಲಿ ಸೇರಿದ್ದರೆ ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ಹೋಗಬಹುದು.

ಪ್ರಶ್ನೆ: ಫ್ಯಾಷನ್ ಡಿಸೈನ್ ಓದುತ್ತಿದ್ದೇನೆ. ಕಾಲೇಜಿನ ಶೋಗೆ ಮೈಗೆ ಅಂಟಿಕೊಳ್ಳುವ ಲ್ಯಾಟೆಕ್ಸ್ ಡ್ರೆಸ್ ತರಿಸಿದ್ದೇವೆ. ಕೊಬ್ಬರಿ ಎಣ್ಣೆ ಹಚ್ಚಿಕೊಂಡರೆ ಸಲೀಸಾಗಿ ಏರುತ್ತದೆ ಎನ್ನುತ್ತಾಳೆ ಗೆಳತಿ. ಸರಿಯೇ?

ಉತ್ತರ: ಎಣ್ಣೆ ಬೇಡವೇ ಬೇಡ. ಎಣ್ಣೆ, ತುಪ್ಪ, ವ್ಯಾಸಲೀನ್, ಬಾಡಿ ಲೋಷನ್ ಎಲ್ಲವೂ ಲ್ಯಾಟೆಕ್ಸನ್ನು ಉಬ್ಬಿಸಿ, ಸಡಿಲಿಸಿ ಹರಿಯುವಂತೆ ಮಾಡುತ್ತವೆ. (ಮದುವೆಯಾದವರು ಕಾಂಡೋಮ್ ವಿಷಯದಲ್ಲೂ ಇದನ್ನು ನೆನಪಿಡಬೇಕು.) ಮೈ ಒಣಗಿರುವಾಗ ತೆಳುವಾಗಿ ಟಾಲ್ಕಂ ಪೌಡರ್ ಸವರಿಕೊಂಡು ನಿಧಾನವಾಗಿ ಏರಿಸಿ. ಪೌಡರ್ ಗಾಳಿಯಲ್ಲಿ ಹಾರಿ ಮೂಗಿಗೆ ಹೋಗದಿರಲಿ. ಉಗುರು ಕತ್ತರಿಸಿಕೊಂಡಿರಿ, ಉಂಗುರ, ಬಳೆ ತೆಗೆಯಿರಿ. ಬಲೂನ್, ಗ್ಲೌಸ್‌ನಿಂದ ಹಿಂದೆ ಎಂದಾದರೂ ದದ್ದು ಎದ್ದಿದ್ದರೆ ಈ ಡ್ರೆಸ್ ಮುಟ್ಟಲೇಬೇಡಿ.

ಲ್ಯಾಟೆಕ್ಸ್ ಬೆವರನ್ನು ಆರಗೊಡುವುದಿಲ್ಲ. ಬೆವರು ಆರಿದರಷ್ಟೇ ಮೈ ತಣಿಯುವುದು. ಏಪ್ರಿಲ್ ಬಿಸಿಲಿನಲ್ಲಿ, ಸ್ಟೇಜ್ ಲೈಟಿನ ಕೆಳಗೆ ಮೈ ಬಿಸಿ ಬೇಗನೆ ಏರುತ್ತದೆ. ಶೋ ಮುಗಿದ ಕೂಡಲೇ ಕಳಚಿ, ನೀರು ಕುಡಿಯಿರಿ. ತಲೆಸುತ್ತು, ವಾಕರಿಕೆ ಬಂದರೆ ಡ್ರೆಸ್ ಕತ್ತರಿಸಿಯಾದರೂ ತೆಗೆಯಬೇಕು.

ಆಮೇಲೆ ಉಗುರುಬೆಚ್ಚಗಿನ ನೀರು ಮತ್ತು ಸೌಮ್ಯ ಸೋಪಿನಲ್ಲಿ ಕೈಯಿಂದಲೇ ತೊಳೆದು, ಒಳಹೊರಗು ಎರಡನ್ನೂ ನೆರಳಲ್ಲಿ ಆರಿಸಿ. ವಾಷಿಂಗ್ ಮೆಷಿನ್, ಇಸ್ತ್ರಿ, ಟೆರೇಸಿನ ಬಿಸಿಲು ಮೂರೂ ಅದಕ್ಕೆ ಆಗದು. ಹಿತ್ತಾಳೆ, ತಾಮ್ರದ ಹುಕ್ಕು ತಾಗಿದರೆ ಕಂದು ಕಲೆ ಬೀಳುತ್ತದೆ. ಪೌಡರ್ ಉದುರಿಸಿ, ಬೆಳಕು ಬೀಳದ ಕಡೆ ಮಡಚದೆ ಇಡಿ.

ಪ್ರಶ್ನೆ: ನಮ್ಮ ತಾಯಿ ಪೌರಕಾರ್ಮಿಕರು. ರಬ್ಬರ್ ಗ್ಲೌಸ್ ಒಳಗೆ ಕೈ ನೆಂದು ಬೆರಳ ಸಂದಿ ಬಿಳುಚಿಕೊಂಡಿದೆ. ಹಾಕದೆ ಹೋದರೆ ಗಾಜು ಕುಯ್ಯುತ್ತದೆ.

ಉತ್ತರ: ಗ್ಲೌಸ್ ಬಿಡಿಸಬೇಡಿ. ಒಳಗೆ ತೆಳು ಹತ್ತಿಯ ಗ್ಲೌಸ್ ಹಾಕಿಸಿ, ಅದು ಒದ್ದೆಯಾದಾಗಲೆಲ್ಲ ಬದಲಾಯಿಸಲಿ. ರಬ್ಬರ್ ಗ್ಲೌಸ್ ಎರಡು ಜೊತೆ ಇರಲಿ. ಒಂದನ್ನು ತೊಳೆದು ಒಳಮಗ್ಗುಲು ಹೊರಗೆ ಮಾಡಿ ನೆರಳಲ್ಲಿ ಒಣಗಲು ಬಿಟ್ಟಾಗ ಇನ್ನೊಂದನ್ನು ಹಾಕಿಕೊಳ್ಳಬಹುದು. ರಾತ್ರಿ ಕೈ ಒರೆಸಿ ಕೊಬ್ಬರಿ ಎಣ್ಣೆ ಹಚ್ಚಲಿ, ಬೆಳಿಗ್ಗೆ ಗ್ಲೌಸ್ ತೊಡುವ ಮುಂಚೆ ತೊಳೆದುಕೊಳ್ಳಲಿ. ಬಿಳುಚಿದ ಸಂದಿಯಲ್ಲಿ ಶಿಲೀಂಧ್ರದ ಸೋಂಕಿರಬಹುದು, ಒಮ್ಮೆ ಡಾಕ್ಟರಿಗೆ ತೋರಿಸಿ. ಟಿಟಿ ಇಂಜೆಕ್ಷನ್ ಆಗಿದೆಯೇ ಎಂದೂ ವಿಚಾರಿಸಿಕೊಳ್ಳಿ.

ಇನ್ನೊಂದು ಮಾತು ಓದುಗರೆಲ್ಲರಿಗೆ. ರಬ್ಬರ್ ಗ್ಲೌಸ್ ಕೊಳೆಯನ್ನು ತಡೆಯಬಹುದು, ಬ್ಲೇಡನ್ನಲ್ಲ. ಒಡೆದ ಗಾಜು, ಬ್ಲೇಡು, ಇನ್ಸುಲಿನ್ ಸೂಜಿಗಳನ್ನು ದಪ್ಪ ಡಬ್ಬಿಯಲ್ಲಿ ಹಾಕಿ ಮುಚ್ಚಿ, ಮೇಲೆ ಗುರುತು ಮಾಡಿ, ಹಸಿ ಕಸದಿಂದ ಬೇರೆಯಾಗಿ ಕೈಗೆ ಕೊಡಿ.