ಸರತಿ ಸಿದ್ಧಾಂತ ಮತ್ತು ರೋಬೋಟ್ ಕಾರ್ಖಾನೆ

ಸರತಿ ಸಿದ್ಧಾಂತಕ್ಕೆ ಅಡಿಪಾಯ ಹಾಕಿದವರು ಡೆನ್ಮಾರ್ಕಿನ ಎ.ಕೆ. ಎರ್ಲಾಂಗ್ (1909, ಟೆಲಿಫೋನ್ ಕರೆಗಳು). ಲಿಟಲ್ ನಿಯಮ (1961): ವ್ಯವಸ್ಥೆಯಲ್ಲಿರುವ ಸರಾಸರಿ ಸಂಖ್ಯೆ = ಆಗಮನ ದರ × ಅಲ್ಲಿ ಕಳೆಯುವ ಸರಾಸರಿ ಕಾಲ. ಅದೇ ವರ್ಷ ಜನರಲ್ ಮೋಟರ್ಸ್‌ನ ನ್ಯೂಜೆರ್ಸಿ ಕಾರ್ಖಾನೆಯಲ್ಲಿ ಮೊದಲ ಕೈಗಾರಿಕಾ ರೋಬೋಟ್ ‘ಯೂನಿಮೇಟ್’ ಕೆಲಸಕ್ಕಿಳಿಯಿತು. ತಯಾರಿಕಾ ಸರತಿಗಳ ಕುರಿತು ಬುಜಾಕಾಟ್–ಶಾಂತಿಕುಮಾರ್ ಬರೆದ ಹೆಸರಾಂತ ಗ್ರಂಥ ಹೊರಬಂದದ್ದು 1993ರಲ್ಲಿ. ಬುಜಾಕಾಟ್ ಟೊರಾಂಟೊದ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದರು.

ಲೆಕ್ಕವೇ ಇಲ್ಲಿ ಮುಖ್ಯ. ಎಂ/ಎಂ/1 ಮಾದರಿಯಲ್ಲಿ (ಆಗಮನವೂ ಸೇವಾಕಾಲವೂ ಯಾದೃಚ್ಛಿಕ, ಸೇವೆ ನೀಡುವ ಯಂತ್ರ ಒಂದೇ), ಗಂಟೆಗೆ 20 ಬಿಡಿಭಾಗ ಬೆಸೆಯುವ ಒಂದು ರೋಬೋಟ್‌ಗೆ ಗಂಟೆಗೆ 16 ಬಂದರೆ ವ್ಯವಸ್ಥೆಯಲ್ಲಿ ಸರಾಸರಿ 4 ಇರುತ್ತವೆ, ತಲಾ 15 ನಿಮಿಷ. 19 ಬಂದರೆ? 19 ಇರುತ್ತವೆ, ತಲಾ ಒಂದು ಗಂಟೆ! ಆದ್ದರಿಂದಲೇ ಯಂತ್ರವನ್ನು ಪೂರ್ತಿ ದುಡಿಸುವುದು ದಕ್ಷತೆಯಲ್ಲ. ಲೆಕ್ಕ ಮಾಡುವಾಗ ದರ ಗಂಟೆಗಿದ್ದರೆ ಕಾಲವನ್ನೂ ಗಂಟೆಯಲ್ಲೇ ಇಡಿ.