ಊರಿನ ಲೇತಿನಲ್ಲೇ ಸ್ಟರ್ಲಿಂಗ್ ಎಂಜಿನ್

ಸ್ಟರ್ಲಿಂಗ್ ಎಂಜಿನ್ನಿಗೆ ಬೆಂಕಿ ಹೊರಗೆ. ಒಳಗೆ ಮುಚ್ಚಿಟ್ಟ ಗಾಳಿ ಒಂದು ತುದಿಯಲ್ಲಿ ಕಾದು ಹಿಗ್ಗುತ್ತದೆ, ಇನ್ನೊಂದು ತುದಿಯಲ್ಲಿ ತಣಿದು ಕುಗ್ಗುತ್ತದೆ, ಪಿಸ್ಟನ್ ಓಡುತ್ತದೆ. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ 1816ರಲ್ಲಿ ಪೇಟೆಂಟ್ ಪಡೆದ ಈ ಎಂಜಿನ್ನಿಗೆ ಇಂಥದೇ ಇಂಧನ ಬೇಕೆಂಬ ಹಟವಿಲ್ಲ. ಅಡಿಕೆ ಬೇಯಿಸುವ ಒಲೆಯಾದರೂ ಆದೀತು, ಭತ್ತದ ಉಮಿಯಾದರೂ ಆದೀತು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಭದ್ರಾವತಿಯಲ್ಲೂ ಎರಕದ ಘಟಕಗಳಿರುವ ಶಿವಮೊಗ್ಗದಲ್ಲೂ ಇದನ್ನು ಕಟ್ಟಲು ಬೇಕಾದ ಟರ್ನರ್, ಮೋಲ್ಡರುಗಳಿಗೆ ಹುಡುಕಾಡಬೇಕಿಲ್ಲ.

ಮೊದಲು ಗಾತ್ರದ ಲೆಕ್ಕ. ಪಿಸ್ಟನ್ 68 ಮಿ.ಮೀ. ಅಗಲ, ಓಟ 55 ಮಿ.ಮೀ. ಇದ್ದರೆ ಸುಮಾರು 200 ಸಿಸಿ. ಅದನ್ನು ಬಾರ್ ಲೆಕ್ಕದ ಒತ್ತಡ, ಸೆಕೆಂಡಿನ ಸುತ್ತುಗಳು ಮತ್ತು 0.015ರಿಂದ ಗುಣಿಸಿದರೆ ವ್ಯಾಟ್ ಸಿಗುತ್ತದೆ. ಸಾಧಾರಣ ಗಾಳಿಯ ಒತ್ತಡ, ನಿಮಿಷಕ್ಕೆ 300 ಸುತ್ತು ಎಂದರೆ 15 ವ್ಯಾಟ್. ಇದು ಚೆನ್ನಾಗಿ ಪಳಗಿದ ಎಂಜಿನ್ನಿನ ಲೆಕ್ಕ. ಮೊದಲ ಮಾದರಿ ಅರ್ಧ ಕೊಟ್ಟರೂ ಎಲ್‌ಇಡಿ ದೀಪ ಉರಿಯುತ್ತದೆ. ತೋಟಕ್ಕೆ ನೀರೆತ್ತುವ ಆಸೆ ಈ ಗಾತ್ರಕ್ಕೆ ಬೇಡ. ಹೀಲಿಯಂ, ಹೆಚ್ಚಿನ ಒತ್ತಡ ಎಂದು ಹೊರಟರೆ ಸೀಲುಗಳಿಗೇ ದುಡ್ಡು ಸುರಿಯಬೇಕಾಗುತ್ತದೆ.

ಗಾಳಿಯನ್ನು ಆಚೀಚೆ ತಳ್ಳುವ ಡಿಸ್‌ಪ್ಲೇಸರಿಗೆ ಬೇರೆ ಸಿಲಿಂಡರ್ ಇರುವ ಗಾಮಾ ಮಾದರಿ ಕಟ್ಟಲು ಸುಲಭ. ಅದರ ಬಿಸಿ ತುದಿಗೆ 304 ದರ್ಜೆಯ ಸ್ಟೇನ್‌ಲೆಸ್ ಕೊಳವೆ ಹಾಕಬೇಕು: ತುಕ್ಕು ಹಿಡಿಯದು, ಗೋಡೆಯುದ್ದಕ್ಕೂ ಶಾಖ ಸೋರುವುದೂ ಕಡಿಮೆ. ತಂಪು ತುದಿಗೆ ಅಲ್ಯೂಮಿನಿಯಂ, ಸುತ್ತ ನೀರಿನ ತೊಟ್ಟಿ. ಡಿಸ್‌ಪ್ಲೇಸರ್ ತೆಳು ಸ್ಟೇನ್‌ಲೆಸ್ ಡಬ್ಬಿ. ಗೋಡೆಗೂ ಅದಕ್ಕೂ ಒಂದು ಮಿಲಿಮೀಟರಿನಷ್ಟು ಸಂದು ಸಾಕು.

ಖರ್ಚು ಮಾಡಬೇಕಾದ ಜಾಗ ಪಿಸ್ಟನ್. ಹೋನಿಂಗ್ ಮಾಡಿದ ಬೀಡು ಕಬ್ಬಿಣದ ಲೈನರಿನಲ್ಲಿ ಗ್ರಾಫೈಟ್ ಪಿಸ್ಟನ್, ನಡುವೆ 0.02ರಿಂದ 0.03 ಮಿ.ಮೀ. ಸಂದು. ಎಣ್ಣೆ ಹಾಕಬಾರದು, ಬಿಸಿಗೆ ಕರಕಾಗಿ ಅಂಟುತ್ತದೆ. ಲೈನರಿನ ಕೆಳಬಾಯನ್ನು ಅಂಗೈಯಿಂದ ಮುಚ್ಚಿ ಪಿಸ್ಟನ್ ಬಿಟ್ಟರೆ ಅದು ನಿಧಾನ ಇಳಿಯಬೇಕು, ಕೈ ತೆಗೆದೊಡನೆ ಜಾರಬೇಕು. ಗುಜರಿಯಲ್ಲಿ ಬೇರೆ ಅಳತೆಯ ಲೈನರ್ ಸಿಕ್ಕರೆ ಲೆಕ್ಕವನ್ನೇ ಬದಲಿಸಿಕೊಂಡರಾಯಿತು.

ಡಿಸ್‌ಪ್ಲೇಸರ್ ಪಿಸ್ಟನ್ನಿಗಿಂತ 90 ಡಿಗ್ರಿ ಮುಂದಿರುವಂತೆ ಕ್ರ್ಯಾಂಕ್ ಜೋಡಿಸಬೇಕು. ಬೇರಿಂಗ್ 6202ರಂತೆ ಎಲ್ಲ ಅಂಗಡಿಯಲ್ಲೂ ಸಿಗುವಂಥದ್ದಿರಲಿ. ಒಲೆಗಿಡುವ ಮೊದಲು ಸೈಕಲ್ ಪಂಪಿನಿಂದ ಗಾಳಿ ತುಂಬಿ ಕೀಲುಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡಬೇಕು.

ಕೊನೆಗೆ ಕಾಗದದ ಕೆಲಸ. ಫ್ರೀಕ್ಯಾಡ್‌ನಂಥ ಉಚಿತ ತಂತ್ರಾಂಶದಲ್ಲಿ ನಕ್ಷೆ ಬರೆದು, ಟಾಲರೆನ್ಸ್, ಸಾಮಾನಿನ ಪಟ್ಟಿ, ಪರೀಕ್ಷೆಯ ಅಂಕಿಗಳನ್ನೂ ಅದರೊಂದಿಗೇ ಬಿಡುಗಡೆ ಮಾಡಬೇಕು. ಸರ್ನ್ ಮುಕ್ತ ಹಾರ್ಡ್‌ವೇರ್ ಪರವಾನಗಿಯ ಕಟ್ಟುನಿಟ್ಟಿನ ರೂಪವನ್ನು ಆರಿಸಿದರೆ, ಎಂಜಿನ್ ತಿದ್ದಿ ಮಾರುವವರು ತಮ್ಮ ನಕ್ಷೆಯನ್ನೂ ಹಂಚಬೇಕಾಗುತ್ತದೆ. ಪ್ರತಿ ತಿದ್ದುಪಡಿಗೂ ಹೊಸ ಆವೃತ್ತಿ ಸಂಖ್ಯೆ ಹಾಕಿ, ಮುರಿದ ಭಾಗ ಯಾವುದು, ಎಷ್ಟು ಗಂಟೆ ಓಡಿದ ಮೇಲೆ ಮುರಿಯಿತು ಎಂಬುದನ್ನು ಅದರಲ್ಲೇ ನಮೂದಿಸಬೇಕು.