ಗಾಯ ಮಾಯಿತು, ತಪಾಸಣೆ ನಿಲ್ಲದಿರಲಿ

ಬಾಳೆಹೊನ್ನೂರಿನ ಒಬ್ಬ ತಾಯಿ ಕೇಳಿದರು: "ಮೇಷ್ಟ್ರೇ, ಮಗನ ಮೂಳೆ ಕ್ಯಾನ್ಸರಿಗೆ ಆಪರೇಷನ್ ಆಯ್ತು. ಗಾಯಾನೂ ಮಾಯ್ತು. ಈಗ ಕಾಫಿ ಕುಯ್ಲು. ಮತ್ತೆ ಬೆಂಗಳೂರಿಗೆ ಯಾಕೆ ಹೋಗ್ಬೇಕು?"

ಹೋಗಲೇಬೇಕು, ಅಕ್ಕಾ. ಯಾಕೆ? ಓದೋಣ.

ಹರೆಯದವರಿಗೆ ಬರುವ ಮೂಳೆ ಕ್ಯಾನ್ಸರ್ ಹೆಚ್ಚಾಗಿ ಮೊಣಕಾಲಿನ ಹತ್ತಿರ ಕಾಣುತ್ತದೆ. ಹಿಂದೆ ಕಾಲು ಕತ್ತರಿಸುತ್ತಿದ್ದರು. ಆದರೂ 10 ಜನರಲ್ಲಿ 8 ಜನ ಉಳಿಯುತ್ತಿರಲಿಲ್ಲ. ಕಣ್ಣಿಗೆ ಕಾಣದ ರೋಗ ಆಗಲೇ ಶ್ವಾಸಕೋಶ ಸೇರಿರುತ್ತಿತ್ತು.

1970ರ ನಂತರ ಕೀಮೋ ಔಷಧಿ ಬಂತು. ಈಗ ರೋಗ ಹರಡುವ ಮೊದಲೇ ಬಂದು, ಆಪರೇಷನ್, ಕೀಮೋ ಎರಡನ್ನೂ ಪೂರ್ತಿ ಮಾಡಿಸಿದರೆ, 10ರಲ್ಲಿ 6-7 ಜನ 5 ವರ್ಷ ದಾಟುತ್ತಾರೆ. ಎಷ್ಟೋ ಜನರ ಕಾಲೂ ಉಳಿಯುತ್ತದೆ. ಕೆಟ್ಟ ಮೂಳೆ ತೆಗೆದು ಲೋಹದ ಮೂಳೆ ಕೂಡಿಸುತ್ತಾರೆ.

ರೋಗ ಮರಳಿದರೆ ಹೆಚ್ಚಾಗಿ ಮೊದಲ 2-3 ವರ್ಷದಲ್ಲಿ, ಶ್ವಾಸಕೋಶಕ್ಕೆ. ಆಗ ನೋವು ಇಲ್ಲದೆಯೂ ಇರಬಹುದು. ಎದೆಯ ಎಕ್ಸ್‌ರೇ, ಸ್ಕ್ಯಾನಿನಲ್ಲಿ ತಿಳಿಯುತ್ತದೆ. ಬೇಗ ಕಂಡರೆ ಎಷ್ಟೋ ಸಲ ಆಪರೇಷನ್ ಮಾಡಿ ತೆಗೆಯಬಹುದು. ಅದಕ್ಕೇ ಮೊದಲ 2 ವರ್ಷ ಸುಮಾರು 3 ತಿಂಗಳಿಗೊಮ್ಮೆ ತಪಾಸಣೆ.

ಬೆಂಗಳೂರಿನ ಕಿದ್ವಾಯಿ ಸರ್ಕಾರಿ ಕ್ಯಾನ್ಸರ್ ಆಸ್ಪತ್ರೆ. ಅಲ್ಲಿಗೆ ಹೋಗುವಾಗ ಹಳೆ ಚೀಟಿ, ರೇಷನ್ ಕಾರ್ಡ್ ಜೊತೆಗಿರಲಿ.

ಕುಯ್ಲು ಮುಂದಿನ ವರ್ಷವೂ ಬರುತ್ತದೆ. ತಪಾಸಣೆಯ ದಿನ ತಪ್ಪಬಾರದು.

ಓದಿ, ಬರೆಯಿರಿ: ಮೂಳೆ, ಔಷಧಿ, ತಪಾಸಣೆ.
ಆಸ್ಪತ್ರೆ ಚೀಟಿ ನೋಡಿ ನೀವೇ ತುಂಬಿ: ಮುಂದಿನ ತಾರೀಖು ________